ಮೊದಲು ಟಾರ್ಚ್, ಆಮೇಲೆ ಡ್ರಾಪ್ಸ್

ಎಲ್ಲರಿಗೂ ನಮಸ್ಕಾರ. ಕಣ್ಣು ಮಂಜಾಯಿತು ಅಂದರೆ ನಮ್ಮ ವಿಜಯಪುರದ ಕಡೆ ಎಲ್ಲರೂ ಹೇಳುವುದು ಒಂದೇ, ಪೊರೆ ಬಂದಿರಬೇಕು. ಇರಬಹುದು. ಆದರೆ ಕಣ್ಣೊಳಗಿನ ಪರದೆ ಕೆಟ್ಟರೂ ಮಂಜು, ಪರದೆಯಿಂದ ಮಿದುಳಿಗೆ ಹೋಗುವ ನರ ಕೆಟ್ಟರೂ ಮಂಜು. ಯಾವುದು ಅಂತ ತಿಳಿಯಲು ಮೊದಲು ಬೇಕಾದದ್ದು ದೊಡ್ಡ ಮಷಿನ್ ಅಲ್ಲ, ಒಂದು ಟಾರ್ಚ್. ಅದೂ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕುವ ಮೊದಲು, ಹಾಕಿದ ಮೇಲೆ ಪಾಪೆ ಬೆಳಕಿಗೆ ಸರಿಯಾಗಿ ಅಲುಗುವುದಿಲ್ಲ.

ಕೋಣೆ ಕತ್ತಲು ಮಾಡಿ, ದೂರ ನೋಡಿ ಅಂತ ಹೇಳಿ, ಒಂದು ಕಣ್ಣಿಗೆ ಬೆಳಕು ಬಿಡುತ್ತೇವೆ. ಎರಡೂ ಪಾಪೆ ಒಟ್ಟಿಗೆ ಸಣ್ಣದಾಗುತ್ತವೆ, ಬೆಳಕು ಬೀಳದ ಕಣ್ಣಿನದೂ. ಎರಡು-ಮೂರು ಸೆಕೆಂಡಿಗೆ ಬೆಳಕನ್ನು ಆಚೆ ಕಣ್ಣಿಗೆ ಸರಿಸುತ್ತೇವೆ. ಆ ಕಡೆಯ ನರ ಕೆಟ್ಟಿದ್ದರೆ ಬೆಳಕು ಬಿದ್ದರೂ ಪಾಪೆ ಅಗಲವಾಗುತ್ತದೆ. 1959ರಲ್ಲಿ ಲೆವಾಟಿನ್ ಎಂಬ ವೈದ್ಯರು ಬರೆದ ಪರೀಕ್ಷೆ ಇದು. ಒಂದು ನಿಮಿಷವೂ ಬೇಡ, ಆದರೂ ಬಿಟ್ಟುಬಿಡುತ್ತಾರೆ ನೋಡಿ!

ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಬಂದಿದ್ದರು, ಮೂವತ್ತರ ಆಸುಪಾಸಿನವರು. ಎಡಗಣ್ಣು ಮಂಜು. "ಕಣ್ಣ ಹೊಳ್ಳಿಸಿದ್ರ ಬ್ಯಾನಿ ಆಗತೈತ್ರಿ ಸಾಹೇಬ್ರ" ಅಂದರು. ಬೇರೆ ಕಡೆ ತೋರಿಸಿದ್ದರಂತೆ, ಹೋದ ಕೂಡಲೇ ಡ್ರಾಪ್ಸ್ ಹಾಕಿ, ಒಳಗೆ ನೋಡಿ, ಪರದೆ ಚೆನ್ನಾಗಿದೆ ಅಂತ ಕಳಿಸಿದ್ದರು. ಪರದೆ ಚೆನ್ನಾಗೇ ಇತ್ತು! ನರದ ಬಾವು ಹಿಂದುಗಡೆ ಇದ್ದರೆ ಒಳಗೆ ಎಷ್ಟು ನೋಡಿದರೂ ಏನೂ ಕಾಣುವುದಿಲ್ಲ. ನಾನು ಟಾರ್ಚನ್ನು ಬಲದಿಂದ ಎಡಕ್ಕೆ ಸರಿಸಿದೆ. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಅವರ ಹೆಂಡತಿಯೇ ಮೊದಲು ಕೂಗಿದ್ದು, "ಯವ್ವಾ, ಬೆಳಕ ಬಿಟ್ರ ದೊಡ್ಡದಾಗಾಕತ್ತೈತಲ್ರಿ!" ಆಕೆಯ ಇಳಕಲ್ ಸೀರೆಯ ಕೆಂಪು ಸೆರಗನ್ನೇ ಹಿಡಿದು, ಒಂದೊಂದು ಕಣ್ಣು ಮುಚ್ಚಿ ನೋಡಿ ಅಂದೆ. ಬಲಗಣ್ಣಿಗೆ ಕಡು ಕೆಂಪು, ಎಡಗಣ್ಣಿಗೆ "ತೊಳದ್ ತೊಳದ್ ಬಣ್ಣ ಬಿಟ್ಟಂಗ ಕಾಣತೈತ್ರಿ" ಅಂದರು. ನರ ಕೆಟ್ಟಾಗ ಕೆಂಪು ಹೀಗೇ ಮಂಕಾಗುತ್ತದೆ. ಎಂಆರ್‌ಐ ಮಾಡಿಸಿ ಚಿಕಿತ್ಸೆ ಶುರು ಮಾಡಿದೆವು.

ಟೈಮ್ ಆಯಿತು ಅಂತ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಶುಗರ್ ಇದ್ದವರಿಗೆ ಪರದೆಯ ನಡುಭಾಗ ಊದುತ್ತದಲ್ಲ, ಆಗ ಅಕ್ಷರ ಕಾಣದಷ್ಟು ಮಂಜಾದರೂ ಪಾಪೆ ಹೆಚ್ಚುಕಮ್ಮಿ ಸರಿಯಾಗೇ ಕೆಲಸ ಮಾಡುತ್ತದೆ. ಪರದೆ ದೊಡ್ಡದಾಗಿ ಕಿತ್ತು ಬಂದರೆ ಬೆಳಕಿಗೆ ಪಾಪೆ ಅಗಲವಾಗಬಹುದು, ಆದರೆ ಅದು ಒಳಗೆ ನೋಡಿದಾಗ ಕಾಣುತ್ತದೆ. ಬರೀ ಪೊರೆಯಿಂದ ಹೀಗಾಗುವುದಿಲ್ಲ. ಆದರೆ ಎರಡೂ ನರ ಸಮ ಕೆಟ್ಟಿದ್ದರೆ ಈ ಪರೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ. ಮನೆಯಲ್ಲಿ ಸುಮ್ನೆ ಮೊಬೈಲ್ ಲೈಟ್ ಬಿಟ್ಟು ನೋಡಬೇಡಿ, ಅದಕ್ಕೆ ಅಭ್ಯಾಸ ಬೇಕು. ಡ್ರಾಪ್ಸ್ ಬಾಟಲಿ ಹಿಡಿದು ಬಂದವರಿಗೆ ಇಷ್ಟು ಕೇಳಿ, ಟಾರ್ಚ್ ಹಾಕಿ ನೋಡಿದಿರಾ ಅಂತ. ಕೇಳಿದರೆ ಯಾರೂ ಬೈಯುವುದಿಲ್ಲ. ನಮಸ್ಕಾರ.