ಕೆಂಪು ಲೈಟ್ ಬಂದ ಕೂಡಲೇ ಚಾರ್ಜರ್ ಕಿತ್ತುಕೊಂಡು ಹೋಗಬೇಡಿ

ನಮಸ್ಕಾರ. ಮನೆಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಗನ್, ಅಂದರೆ ಚಾರ್ಜರ್ ಕೇಬಲ್ಲಿನ ತುದಿಯ ಹಿಡಿ, ಹಾಕಿದ್ದೀರಿ, ಚಾರ್ಜರ್ ಡಬ್ಬಿ ಮೇಲೆ ಕೆಂಪು ಲೈಟ್. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡೋ ಮೊದಲು ಪ್ಲಗ್ ಪಾಯಿಂಟ್, ಅರ್ಥಿಂಗ್, ವೈರಿಂಗ್ ಮೂರನ್ನೂ ನೋಡಿ. ನಮ್ಮ ಕೋಲಾರದ ಕಡೆ ಮನೆಗಳಲ್ಲಿ ತಾಪತ್ರಯ ಇರೋದು ಹೆಚ್ಚಾಗಿ ಅಲ್ಲೇ.

ನನ್ನ ಕೈಲಿರೋ ಈ ಚಾರ್ಜರ್ ಪ್ಲಗ್ ಹತ್ತಿರದಿಂದ ನೋಡಿ. ಒಂದು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದೆ, ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಉಬ್ಬಿದೆ. ಪಿನ್ ಸಾಕೆಟ್ ಒಳಗೆ ಬಿಗಿಯಾಗಿ ಕೂತಿಲ್ಲ. 3.3 ಕಿಲೋವ್ಯಾಟ್ ಚಾರ್ಜರ್ 15 ಆಂಪಿಯರ್ ಆಸುಪಾಸು ಗಂಟೆಗಟ್ಟಲೆ ಎಳೆಯುತ್ತೆ. ಸಡಿಲ ಜಾಗದಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದ್ದರೂ 22 ವ್ಯಾಟ್ ಬಿಸಿ ಹುಟ್ಟುತ್ತೆ, ಸಣ್ಣ ಸಾಲ್ಡರಿಂಗ್ ಐರನ್ನನ್ನು ಸಾಕೆಟ್ ಒಳಗೆ ರಾತ್ರಿಯಿಡೀ ಬಿಟ್ಟ ಹಾಗೆ. ಪ್ಲಗ್ಗಲ್ಲೇ ಟೆಂಪರೇಚರ್ ಸೆನ್ಸರ್ ಇರೋ ಚಾರ್ಜರ್ ತಾನೇ ನಿಲ್ಲಿಸುತ್ತೆ. ಇಲ್ಲದಿದ್ದರೆ ಸುಟ್ಟೇ ಹೋಗುತ್ತೆ. ಐಎಸ್‌ಐ ಗುರುತಿರೋ 16 ಆಂಪಿಯರ್ ಸಾಕೆಟ್ ಹಾಕಿಸಿ, ಹಿಂದಿನ ಸ್ಕ್ರೂ ಬಿಗಿಯಾಗಿರಲಿ. ಪ್ಲಗ್ಗನ್ನೂ ಬದಲಾಯಿಸಿ, ಕಂದಾದ ಪಿನ್ ಹೊಸ ಸಾಕೆಟ್ಟನ್ನೂ ಕೆಡಿಸುತ್ತೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಈಗ ಅರ್ಥಿಂಗ್. ಮಲ್ಟಿಮೀಟರನ್ನು ಎಸಿ 750 ವೋಲ್ಟ್‌ಗೆ ಇಡಿ. ಫೇಸ್‌ಗೂ ನ್ಯೂಟ್ರಲ್‌ಗೂ 230 ಆಸುಪಾಸು, ಫೇಸ್‌ಗೂ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ಗೂ ಅರ್ಥ್‌ಗೂ ಎರಡು ಮೂರು ವೋಲ್ಟ್ ಬರಬೇಕು. ಫೇಸ್–ಅರ್ಥ್ ನೂರರ ಹತ್ತಿರ ಓಲಾಡ್ತಿದ್ದರೆ ಅರ್ಥ್ ವೈರ್ ಎಲ್ಲೋ ಕಿತ್ತುಹೋಗಿದೆ. 230 ತೋರಿಸಿದರೂ ಪೂರ್ತಿ ನಂಬಬೇಡಿ. ಮೀಟರ್ ಎಳೆಯೋ ಕರೆಂಟ್ ತೀರಾ ಕಮ್ಮಿ, ಹಾಳಾದ ಅರ್ಥ್ ಕೂಡ ಅದಕ್ಕೆ ಚೆನ್ನಾಗೇ ಕಾಣುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಟೆಸ್ಟರಲ್ಲಿ ಅಳೆಸಿ, 5 ಓಮ್ ಒಳಗಿದ್ದರೆ ನಿಶ್ಚಿಂತೆ. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಕಟ್ಟಿ ನೋಡಬೇಡಿ. ಅರ್ಥ್ ಕೆಟ್ಟಿದ್ದರೆ ಆ ಬಲ್ಬಿನ ಮೂಲಕ ಫ್ರಿಜ್ಜು, ಗೀಸರ್ ಮೈಗೆಲ್ಲ ಕರೆಂಟ್ ಬರುತ್ತೆ.

ಅರ್ಥ್ ಸರಿ ಇಲ್ಲ ಅಂತ ಹೊಸ ಅರ್ಥ್ ಗುಂಡಿ ಅಗೆಸೋ ಮೊದಲು, ಹಳೇ ಗುಂಡಿಯಲ್ಲಿ ಹೂತಿರೋ ಪೈಪ್ ತಲೆ ಮೇಲೆ ಅರ್ಥ್ ವೈರ್ ಹಿಡಿದಿರೋ ಕ್ಲಾಂಪ್ ನೋಡಿ. ಗುಂಡಿಗೆ ಹಾಕಿದ ಉಪ್ಪು ಕ್ಲಾಂಪನ್ನೇ ತಿಂದಿರುತ್ತೆ. ತುಕ್ಕು ಉಜ್ಜಿ, ಹೊಸ ಬೋಲ್ಟ್ ನಟ್ ಹಾಕಿ ಬಿಗಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ ಗಟ್ಟಿಯಾಗುತ್ತೆ, ಗುಂಡಿಗೆ ಆಗಾಗ ನಾಲ್ಕು ಬಿಂದಿಗೆ ನೀರು ಹುಯ್ಯಿರಿ. ಮೂರು ಮೀಟರ್ ಪೈಪ್ ಪೂರ್ತಿ ಇಳಿಯೋದಕ್ಕೆ ಮೊದಲೇ ಬಂಡೆ ಸಿಕ್ಕರೆ, ಮೂರು ಮೀಟರಿಗೂ ಹೆಚ್ಚು ಅಂತರ ಬಿಟ್ಟು ಇನ್ನೊಂದು ಗುಂಡಿ ಮಾಡಿಸಿ ಎರಡನ್ನೂ ಸೇರಿಸಬೇಕು.

ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ವೈರ್ ಕೊಟ್ಟುಬಿಡ್ತಾರೆ. ಕೆಂಪು ಲೈಟ್ ಹೋಗುತ್ತೆ, ಚಾರ್ಜೂ ಆಗುತ್ತೆ. ಕಂಬದಿಂದ ಬರೋ ನ್ಯೂಟ್ರಲ್ ಕಿತ್ತುಹೋದ ದಿನ ಕಾರಿನ ಮೈಯೆಲ್ಲ ಕರೆಂಟು, ಬಾಗಿಲು ಮುಟ್ಟಿದವರ ಜೀವಕ್ಕೇ ಕುತ್ತು. ಎಲೆಕ್ಟ್ರಿಷಿಯನ್ ಅಣ್ಣಂದಿರೇ, ಮನೆಯವರು ಎಷ್ಟೇ ಒತ್ತಾಯ ಮಾಡಿದರೂ ಇದೊಂದು ಮಾಡಬೇಡಿ.

ಚಾರ್ಜಿಂಗ್ ಶುರುವಾಗಿ ನಡುವೆ ನಿಂತರೆ ವೋಲ್ಟೇಜ್ ಅಳೀರಿ, ಚಾರ್ಜ್ ಆಗ್ತಿರುವಾಗಲೂ, ನಿಲ್ಲಿಸಿದಾಗಲೂ. ಮೀಟರ್ ಬೋರ್ಡಿಂದ 30 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದಿದ್ದರೆ 15 ಆಂಪಿಯರಿಗೆ ಸುಮಾರು 7 ವೋಲ್ಟ್ ಇಳಿಯೋದು ಸಹಜ. 20 ಇಳೀತಿದ್ದರೆ ನಡುವೆ ಜಾಯಿಂಟ್ ಸುಟ್ಟಿರಬಹುದು, ಹುಡುಕಿಸಿ. ಹೊಸದಾಗಿ ಎಳೆಸೋದಾದರೆ 4 ಸ್ಕ್ವೇರ್ ಹಾಕಿಸಿ. ಮೀಟರ್ ಹತ್ತಿರವೇ ವೋಲ್ಟೇಜ್ ಕಮ್ಮಿ ಇದ್ದರೆ ಲೈನಿನ ಸಮಸ್ಯೆ. ತೋಟದ ಮೋಟರುಗಳು ಓಡೋ ಹೊತ್ತಲ್ಲಿ ಹಳ್ಳಿಗಳಲ್ಲಿ ಹೀಗಾಗುತ್ತೆ. ಬೆಸ್ಕಾಂ 1912ಕ್ಕೆ ದೂರು ಕೊಡಿ. ಸರಿಹೋಗೋ ತನಕ ಕಾರಲ್ಲೋ ಚಾರ್ಜರಲ್ಲೋ ಕರೆಂಟನ್ನು 10 ಆಂಪಿಯರಿಗೆ ಇಳಿಸೋಕೆ ಆಗೋದಾದರೆ ಇಳಿಸಿ, ಹೊತ್ತು ಹೆಚ್ಚಾದರೂ ಚಾರ್ಜ್ ಆಗುತ್ತೆ.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳೋ ಸ್ವಿಚ್, ಅರ್ಧ ಗಂಟೆ ಬಿಟ್ಟು ಬಿದ್ದರೆ ಅದು ಬಿಸಿಯಿಂದ. ಹಾಕಿದ ತಕ್ಷಣ ಬಿದ್ದರೆ ಶಾರ್ಟ್, ಮತ್ತೆ ಮತ್ತೆ ಎತ್ತಬೇಡಿ. ಬೀಳ್ತಿರೋದು ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕ್ ಆದರೆ ಬೀಳೋ ಸ್ವಿಚ್, ಆದರೆ ಗನ್ ಕಾರಿಗೆ ಹಾಕದೆ ಬರೀ ಪ್ಲಗ್ ಹಾಕಿ. ಆಗಲೂ ಬಿದ್ದರೆ ಚಾರ್ಜರ್ ಅಥವಾ ಅದರ ಕೇಬಲ್‌ನಲ್ಲಿ ಲೀಕೇಜ್. ಗನ್ ಹಾಕಿದಾಗ ಮಾತ್ರ ಬಿದ್ದರೆ ಮೊದಲು ಗನ್ ಒಳಗೆ ಮಳೆನೀರು ಇದೆಯಾ ನೋಡಿ, ಒಣಗಲು ಬಿಡಿ. ಆಮೇಲೂ ಬಿದ್ದರೆ ಬೇರೆ ಚಾರ್ಜರ್ ಹಾಕಿ ನೋಡಿ. ಅದಕ್ಕೂ ಬಿದ್ದರೆ ತೋರಿಸಬೇಕಾದ್ದು ಕಾರನ್ನು.