ಹಳ್ಳದ ದಡದ ಮಣ್ಣು

ನಮಸ್ಕಾರ ಕೇಳುಗರೇ.

ಮಳೆಗಾಲಕ್ಕೆ ಮುಂಚೆ ನಮ್ಮ ಮೈಸೂರಿನ ರಾಜಕಾಲುವೆಗಳಿಗೆ ಜೆಸಿಬಿ ಇಳಿಯುತ್ತದೆ. ನೀವೂ ನೋಡಿರುತ್ತೀರಿ. ಕಪ್ಪು ಹೂಳನ್ನು ಎತ್ತಿ ದಡದಲ್ಲೇ ಗುಡ್ಡೆ ಹಾಕುತ್ತಾರೆ, ಒಂದು ಜೋರು ಮಳೆ ಬಂದರೆ ಅರ್ಧ ಗುಡ್ಡೆ ಮತ್ತೆ ಕಾಲುವೆಯೊಳಗೆ. ಈ ಸಲ ಅಂಥ ಒಂದು ಗುಡ್ಡೆಯ ಹತ್ತಿರ ನಿಂತಿದ್ದೆ. ಪಕ್ಕದ ಗುಂಡಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹೊಳೆಯುತ್ತಿತ್ತು. ಒಂದು ಕಡ್ಡಿ ತಗೊಂಡು ಕಲಕಿದೆ. ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಅಂಶ ತಿನ್ನೋ ಸೂಕ್ಷ್ಮಜೀವಿಗಳ ಕೆಲಸ, ಭಯ ಇಲ್ಲ. ಇದು ಒಡೆಯಲಿಲ್ಲ. ಸುತ್ತಿ ಬಂದು ಮತ್ತೆ ಕೂಡಿಕೊಂಡಿತು. ಅಂದರೆ ಎಣ್ಣೆ.

ಅದು ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲರೂ ಮೋರಿಯ ಕಡೆ ಕೈ ತೋರಿಸುತ್ತಾರೆ. ಮೋರಿ ನೀರನ್ನು ಶುದ್ಧ ಮಾಡೋದಕ್ಕೆ ಕೆಸರೆ, ವಿದ್ಯಾರಣ್ಯಪುರ, ರಾಯನಕೆರೆಯಲ್ಲಿ ಘಟಕಗಳಿವೆ. ದಡದ ಮಣ್ಣಿಗೆ ಏನಿದೆ ಹೇಳಿ? ಹಳ್ಳದ ಪಕ್ಕದಲ್ಲಿ ಮೂವತ್ತು ನಲವತ್ತು ವರ್ಷ ಕಾರ್ಖಾನೆ ನಡೆದಿದ್ದರೆ, ಅದು ಮುಚ್ಚಿದ ಮೇಲೂ ಅಲ್ಲಿ ಸುರಿದದ್ದು ಮಣ್ಣಿನೊಳಗೇ ಇರುತ್ತದೆ, ಮಳೆ ನೀರಿನ ಜೊತೆ ನಿಧಾನವಾಗಿ ಇಳಿದು ಹಳ್ಳಕ್ಕೆ ಜಿನುಗುತ್ತಲೇ ಇರುತ್ತದೆ. ಹಳ್ಳ ಎಷ್ಟು ಸಲ ಬಾಚಿದರೂ ಅಷ್ಟೇ. ಮೊದಲು ದಡ, ಆಮೇಲೆ ಹಳ್ಳ.

ನಮ್ಮ ಸೋದರಮಾವ ಹುಡುಗರಾಗಿದ್ದಾಗ ಒಂದು ಸಣ್ಣ ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮ್ ಹೊಳಪು ಕೊಡುತ್ತಿದ್ದರು. ತೊಳೆದ ನೀರು ನಿಂಬೆಹಣ್ಣಿನ ಹಳದಿ. ಅದನ್ನು ಹಿಂದಿನ ಗುಂಡಿಗೆ ಚೆಲ್ಲೋದು, ಗುಂಡಿ ತುಂಬಿದರೆ ಹಳ್ಳಕ್ಕೆ. ಅವರ ಬೆರಳುಗಳ ಮೇಲೆ ಈಗಲೂ ಕಡಲೆಕಾಳು ಒತ್ತಿದ ಹಾಗೆ ಸಣ್ಣ ಸಣ್ಣ ಕುಳಿಗಳಿವೆ, ಕ್ರೋಮಿಯಂ ಹುಣ್ಣು ಮಾಡಿ ಬಿಟ್ಟುಹೋದ ಗುರುತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಅಷ್ಟು ಕಡಿಮೆ ಇದ್ದಾಗ ನೀರು ಹಳದಿಯಾಗಿ ಕಾಣೋದೇ ಇಲ್ಲ. ಅದಕ್ಕೇ ಕಣ್ಣಳತೆ ಸಾಲದು. ಮಣ್ಣನ್ನು ಬೇರೆ ಬೇರೆ ಆಳದಲ್ಲಿ ಕೊರೆದು ಪರೀಕ್ಷೆ ಮಾಡಲೇಬೇಕು.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ತೀರಾ ಕೆಟ್ಟ ಮಣ್ಣನ್ನು ಅಗೆದು, ನೀರು ಇಳಿಯದ ಹಾಗೆ ಕಟ್ಟಿದ ಜಾಗಕ್ಕೆ ಸಾಗಿಸಬಹುದು. ಎಣ್ಣೆಯನ್ನು ತಿನ್ನೋ ಸೂಕ್ಷ್ಮಜೀವಿಗಳಿಗೆ ಗಾಳಿ, ಗೊಬ್ಬರ ಕೊಟ್ಟು ಅವುಗಳ ಕೈಲೇ ಕೆಲಸ ಮಾಡಿಸಬಹುದು. ಕ್ರೋಮಿಯಂಗೆ ಇರುವ ಒಂದು ಉಪಾಯ ಕೇಳಿದರೆ ಮಂಡ್ಯದವರಿಗೆ ಖುಷಿಯಾಗುತ್ತದೆ. ಸಕ್ಕರೆ ಕಾರ್ಖಾನೆಯಿಂದ ಬರುತ್ತದಲ್ಲ, ಕಾಕಂಬಿ, ಅದನ್ನು ನೀರಿನಲ್ಲಿ ಕಲಸಿ ಕೊಳವೆಗಳ ಮೂಲಕ ನೆಲದೊಳಗೆ ಬಿಡುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಆಮ್ಲಜನಕ ಮುಗಿಸುತ್ತವೆ. ಆಗ ನೀರಲ್ಲಿ ಕರಗಿ ಓಡಾಡುವ ವಿಷದ ಕ್ರೋಮಿಯಂ ಕರಗದ ರೂಪಕ್ಕೆ ತಿರುಗಿ ಮಣ್ಣಿಗೇ ಅಂಟಿಕೊಳ್ಳುತ್ತದೆ. ಬೇರೆ ದೇಶಗಳಲ್ಲಿ ಇದನ್ನು ಮಾಡಿದ್ದಾರೆ. ನಮ್ಮಲ್ಲಿ ಕಾಕಂಬಿಗೆ ಬರ ಇಲ್ಲವಲ್ಲ!

ತಡ ಮಾಡಿದರೆ ಏನಾಗುತ್ತದೆ ಅಂತಲೂ ಹೇಳಬೇಕು. ನ್ಯೂಯಾರ್ಕ್ ನಗರದಲ್ಲಿ ನ್ಯೂಟೌನ್ ಕ್ರೀಕ್ ಅಂತ ಒಂದು ಹಳ್ಳ ಇದೆ, ದಡದ ತುಂಬಾ ಪೆಟ್ರೋಲಿಯಂ ಎಣ್ಣೆಯ ಕಾರ್ಖಾನೆಗಳಿದ್ದವು. 1978ರಲ್ಲಿ ಹೆಲಿಕಾಪ್ಟರಿನಲ್ಲಿ ಹೋಗುತ್ತಿದ್ದವರಿಗೆ ನೀರಿನ ಮೇಲೆ ಎಣ್ಣೆ ಕಂಡಿತು, ಅದು ಎಷ್ಟೋ ವರ್ಷದಿಂದ ನೆಲದೊಳಗೆ ಸೋರಿ ನಿಂತದ್ದು. ಅಲ್ಲಿನ ಸರ್ಕಾರ ಅದನ್ನು ದೇಶದ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿದ್ದು 2010ರಲ್ಲಿ. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಪಕ್ಕದ ಶ್ಯಾದನಹಳ್ಳಿಯಲ್ಲಿ 2017ರಲ್ಲಿ ಕಾರ್ಖಾನೆಗಳ ತ್ಯಾಜ್ಯ ಸುರಿದಿದ್ದ ಖಾಲಿ ಜಾಗಕ್ಕೆ ಹೋದ ಒಬ್ಬ ಹುಡುಗ ನೆಲದೊಳಗಿನ ಬೆಂಕಿಯಲ್ಲಿ ಕಾಲು ಸುಟ್ಟುಕೊಂಡು ತೀರಿಹೋದ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ನಿಯಮ ತಂದಿದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಯೋ ಜಿಲ್ಲಾಡಳಿತವೋ ಕೊಡಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಪರಿಶೀಲಿಸಬೇಕು, ಕೆಡಿಸಿದವರೇ ಖರ್ಚು ಹಾಕಬೇಕು. ಆದರೆ ಪಟ್ಟಿಗೆ ಸೇರಬೇಕಾದರೆ ಎಲ್ಲಿ ಏನು ಸುರಿದರು ಅಂತ ಯಾರಾದರೂ ಹೇಳಬೇಕಲ್ಲ? ಶೆಡ್ಡುಗಳು ಹೋಗಿವೆ, ಕಾಗದಪತ್ರ ಎಲ್ಲಿ ಸಿಗುತ್ತದೆ? ಉಳಿದಿರೋದು ಅಲ್ಲಿ ದುಡಿದವರ ನೆನಪು ಮಾತ್ರ. ಅವರಿಗೂ ವಯಸ್ಸಾಗುತ್ತಿದೆ.

ಹೋದ ಭಾನುವಾರ ಮಾವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಪ್ಲೇಟಿಂಗ್ ಶೆಡ್ಡಿದ್ದ ಜಾಗಕ್ಕೆ ಹೋದೆ. ಈಗ ಅಲ್ಲಿ ಯಾವುದೋ ಗೋದಾಮು ಇದೆ, ಪಕ್ಕದಲ್ಲಿ ಒಂದು ಹೊಂಗೆ ಮರ. ಮಾವ ಮರದಿಂದ ಹೆಜ್ಜೆ ಎಣಿಸಿಕೊಂಡು ನಡೆದರು. ಹನ್ನೆರಡನೇ ಹೆಜ್ಜೆಗೆ ನಿಂತು, ಕಾಲಲ್ಲಿ ನೆಲ ತಟ್ಟಿ, "ಇಲ್ಲೇ ಕಣವ್ವ ಗುಂಡಿ ಇದ್ದದ್ದು, ಬರಕೋ" ಅಂದರು. ಬರೆದುಕೊಂಡೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ ದಯವಿಟ್ಟು ಈ ವಾರವೇ ಕರೆದುಕೊಂಡು ಹೋಗಿ ಕೇಳಿ.