ಎರಡು ಬೆರಳಗಲ ಸರಿಯುವ ಚಂದಪ್ಪ

ಕೇಳುಗರಿಗೆ ನಮಸ್ಕಾರ.

ಚಂದ್ರ ಎಷ್ಟು ದೂರ ಇದ್ದಾನೆ ಎಂದು ಶಾಲೆಯ ಯಾವ ಮಗುವನ್ನು ಕೇಳಿದರೂ 3,84,400 ಕಿಲೋಮೀಟರ್ ಎಂದು ಪಟಕ್ಕನೆ ಹೇಳುತ್ತದೆ. ಸೂರ್ಯ? ಸುಮಾರು 15 ಕೋಟಿ ಕಿಲೋಮೀಟರ್. ಉತ್ತರ ಸರಿ, ಅಂಕ ಕೊಡಬೇಕು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು, ಈ ಉತ್ತರಕ್ಕೆ ಎಷ್ಟು ಅಂಕ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ಇವತ್ತು ಇಲ್ಲಿಗೆ ಬಂದಿರುವುದು ಒಂದೇ ಮಾತು ಹೇಳುವುದಕ್ಕೆ. ಆ ಸಂಖ್ಯೆಗಳು ಸರಾಸರಿ. ಚಂದ್ರ ಅಲ್ಲಿ ಮೊಳೆ ಹೊಡೆದು ನಿಂತಿಲ್ಲ, ಸೂರ್ಯನಿಂದ ನಾವೂ ಒಂದೇ ಅಳತೆಯಲ್ಲಿ ನಿಂತಿಲ್ಲ. ದೂರ ದಿನವೂ ಬದಲಾಗುತ್ತದೆ. ಈಗ ನಾನು ಮಾತನಾಡುತ್ತಿರುವಾಗಲೂ ಬದಲಾಗುತ್ತಿದೆ.

ನೀವು ಎಲ್ಲಿ ಕುಳಿತು ಕೇಳುತ್ತಿದ್ದೀರಿ ಎಂದು ನಾನು ಊಹಿಸಬಲ್ಲೆ. ಕೆಲವರು ಒಲೆಯ ಮುಂದೆ, ಕೆಲವರು ಅಂಗಡಿಯ ಗಲ್ಲೆಯ ಹಿಂದೆ, ಕೆಲವರು ಹೊಲದ ಬದುವಿನಲ್ಲಿ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಹಂತಿ ನೆನಪಿರಬೇಕು. ಈಗ ರಾಶಿ ಮಾಡಲು ಯಂತ್ರ ಬಂದಿದೆ. ಆಗ ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳನ್ನು ಕಟ್ಟಿ, ಜೋಳದ ತೆನೆಯ ಮೇಲೆ ರಾತ್ರಿಯಿಡೀ ಸುತ್ತಿಸುತ್ತಿದ್ದರು. ಎತ್ತು ಮೇಟಿಯ ಸುತ್ತ ಗೆರೆ ಕೊರೆದಂತೆ ದುಂಡಗೆ ತಿರುಗುತ್ತಿತ್ತೇ? ಇಲ್ಲ. ಒಂದು ಬದಿಯಲ್ಲಿ ಹಗ್ಗ ಬಿಗಿಯಾಗಿ ಎತ್ತು ದೂರ ಹೋಗುತ್ತಿತ್ತು, ಇನ್ನೊಂದು ಬದಿಯಲ್ಲಿ ಸಡಿಲಾಗಿ ಮೇಟಿಗೆ ಹತ್ತಿರ ಬರುತ್ತಿತ್ತು. ಚಂದ್ರನೂ ಹಾಗೆಯೇ. ತಿಂಗಳಿಗೊಮ್ಮೆ ಹತ್ತಿರ ಬರುತ್ತಾನೆ, ಒಮ್ಮೆ ದೂರ ಹೋಗುತ್ತಾನೆ. ತೀರಾ ಹತ್ತಿರ ಬಂದರೆ ಸುಮಾರು 3,56,500 ಕಿಲೋಮೀಟರ್, ತೀರಾ ದೂರ ಹೋದರೆ 4,06,700. ನಡುವಿನ ವ್ಯತ್ಯಾಸ 50 ಸಾವಿರ ಕಿಲೋಮೀಟರ್. ಆ ಜಾಗದಲ್ಲಿ ಹೆಚ್ಚು ಕಡಿಮೆ ನಾಲ್ಕು ಭೂಮಿಗಳನ್ನು ಸಾಲಾಗಿ ಇಡಬಹುದು. ನಾವು ಮಾತ್ರ 3,84,400 ಎಂದು ಬಾಯಿಪಾಠ ಮಾಡುತ್ತೇವೆ.

ವರ್ಷಕ್ಕೆ ಎರಡು ಮೂರು ಸಲ ನನ್ನ ಮೊಬೈಲ್‌ಗೆ ಒಂದು ಸಂದೇಶ ಬರುತ್ತದೆ. ‘ಇಂದು ರಾತ್ರಿ ಸೂಪರ್ ಮೂನ್, ಚಂದ್ರ ದೈತ್ಯಾಕಾರದಲ್ಲಿ ಕಾಣಲಿದ್ದಾನೆ, ಎಲ್ಲರಿಗೂ ಕಳುಹಿಸಿ.’ ಜೊತೆಗೊಂದು ಚಿತ್ರ. ಅದರಲ್ಲಿ ಚಂದ್ರ ಗುಡ್ಡವನ್ನೇ ನುಂಗುವ ಗಾತ್ರದಲ್ಲಿರುತ್ತಾನೆ. ದಯವಿಟ್ಟು ಕಳುಹಿಸಬೇಡಿ. ದೂರದ ಹುಣ್ಣಿಮೆಯ ಚಂದ್ರ ಒಂದು ಗೇಣಗಲದ ರೊಟ್ಟಿಯಾದರೆ, ಹತ್ತಿರದ ಹುಣ್ಣಿಮೆಯ ಚಂದ್ರ ಅದಕ್ಕಿಂತ ಒಂದೂವರೆ ಬೆರಳಷ್ಟು ಅಗಲದ ರೊಟ್ಟಿ, ಅಷ್ಟೇ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಗೊತ್ತಾಗುತ್ತದೆ. ಒಂದೊಂದನ್ನೇ ಬೇರೆ ಬೇರೆ ತಿಂಗಳಲ್ಲಿ ನೋಡಿದರೆ, ರೊಟ್ಟಿ ಬಡಿಯುವ ಅವ್ವಂದಿರ ಕಣ್ಣಿಗೆ ಗೊತ್ತಾದೀತು, ನನಗಂತೂ ಗೊತ್ತಾಗುವುದಿಲ್ಲ.

ಇಷ್ಟೇ ಸಣ್ಣ ವ್ಯತ್ಯಾಸದಿಂದ ಹಗಲು ರಾತ್ರಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

1980ರ ಫೆಬ್ರವರಿ 16, ಶನಿವಾರ. ನಾನು ಏಳನೆಯ ತರಗತಿ. ಮನೆ ಗದಗಿಗೆ ಅಂಟಿಕೊಂಡಿರುವ ನೇಕಾರರ ಊರು ಬೆಟಗೇರಿಯಲ್ಲಿ. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆ, ನಡುಮನೆಗೆ ಒಂದೇ ಬೆಳಕಿಂಡಿ. ಅಂದು ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಅಂಕೋಲೆಯ ಹತ್ತಿರ ದಡ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಮೂಡಲಿಗೆ ಹೋಗುವುದಿತ್ತು. ಹುಬ್ಬಳ್ಳಿಯ ಸಮೀಪ ವಿಜ್ಞಾನಿಗಳು ದೂರದರ್ಶಕ ಹೊತ್ತು ತಂದು ಶಿಬಿರ ಹಾಕಿದ್ದರು. ನಮ್ಮ ಓಣಿಯಲ್ಲಿ ಮಾತ್ರ ಮಧ್ಯಾಹ್ನ ಎರಡಕ್ಕೇ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಗ್ಗಗಳ ಸದ್ದಿಲ್ಲ. ಬೆಟಗೇರಿಯಲ್ಲಿ ಹಗಲು ಹೊತ್ತು ಮಗ್ಗದ ಸದ್ದು ಇಲ್ಲವೆಂದರೆ ಏನೆಂದು ಅಲ್ಲಿಯವರಿಗೆ ಗೊತ್ತು.

ನಮ್ಮ ಆಯಿ, ಅಪ್ಪನ ತಾಯಿ, ಮನೆಯ ದಂಡನಾಯಕಿ. ನೀರಿನ ಕೊಡ, ಉಪ್ಪಿನಕಾಯಿ ಭರಣಿ, ಹಾಲಿನ ಗಡಿಗೆ ಎಲ್ಲದರ ಮೇಲೂ ಗರಿಕೆ ಇಟ್ಟಳು. ಹಿತ್ತಾಳೆಯ ಪರಾತದಲ್ಲಿ ಅರಿಷಿಣದ ನೀರು ಹಾಕಿ ನಡುವೆ ಒನಕೆ ನಿಲ್ಲಿಸಿದಳು. ಗ್ರಹಣ ಹಿಡಿದಿರುವವರೆಗೆ ಒನಕೆ ನಿಲ್ಲುತ್ತದೆ, ಬಿಟ್ಟೊಡನೆ ಬೀಳುತ್ತದೆ. ಇದು ಆಯಿಯ ಶಾಸ್ತ್ರ. ಒನಕೆ ನಿಂತಿತು. ಆಯಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ‘ಬಾಗಿಲ ಕಡೆ ಯಾರಾದರೂ ಎದ್ದರೆ ಕಾಲು ಮುರಿಯುತ್ತೇನೆ’ ಎಂದಳು.

ಬೆಳಕಿಂಡಿಗೆ ಮಳೆಗಾಲದ ತಗಡನ್ನು ಮುಚ್ಚಿದ್ದರು. ಆ ತಗಡಿನಲ್ಲಿ ಹಳೆಯ ಮೊಳೆಯ ತೂತು ಒಂದಿತ್ತು. ಅದರಿಂದ ಬಿಸಿಲು ಓರೆಯಾಗಿ ಇಳಿದು, ಜೋಳದ ಗುಮ್ಮಿಯ ಪಕ್ಕದ ಗೋಡೆಯ ಮೇಲೆ ಎರಡು ಬೆರಳಗಲದ ದುಂಡು ಬೆಳಕಾಗಿ ಬಿದ್ದಿತ್ತು. ತಗಡು ಮುಚ್ಚಿದಾಗಲೆಲ್ಲ ಬೀಳುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಅಂದು ಬೇರೆ ಕೆಲಸವಿಲ್ಲದೆ ನೋಡಿದೆ. ದುಂಡಗೆ ಇದ್ದ ಬೆಳಕನ್ನು ಯಾರೋ ಒಂದು ಬದಿಯಿಂದ ಕಚ್ಚಿದಂತೆ ಕಂಡಿತು. ಸ್ವಲ್ಪ ಹೊತ್ತಿಗೆ ಅರ್ಧ ರೊಟ್ಟಿ. ಇನ್ನೂ ಸ್ವಲ್ಪ ಹೊತ್ತಿಗೆ ಕುಡಗೋಲು. ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಸೂರ್ಯನನ್ನು ಹೊರಗಿಟ್ಟೆವು ಎಂದುಕೊಂಡಿದ್ದೆವು. ಗ್ರಹಣ ಮೊಳೆಯ ತೂತಿನಿಂದ ಒಳಗೆ ಬಂದು ನಮ್ಮ ಗೋಡೆಯ ಮೇಲೆಯೇ ನಡೆಯುತ್ತಿತ್ತು. ‘ಆಯಿ, ಅಲ್ಲಿ ನೋಡು’ ಎಂದೆ. ಆಯಿ ನೋಡಿದಳು. ಬೈಯಲಿಲ್ಲ. ಸೆರಗಿನ ತುದಿ ಬಾಯಿಗೆ ಹಿಡಿದು ಹತ್ತಿರ ಸರಿದು ನೋಡುತ್ತಲೇ ಕುಳಿತಳು.

ಇದೇ ಸಮಯವೆಂದು ನಮ್ಮ ಕಾಕಾ ನನ್ನ ರಟ್ಟೆ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಗೆ ಎಳೆದುಕೊಂಡು ಹೋದರು. ಅವರು ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು, ಪತ್ರಿಕೆಯನ್ನು ಅಕ್ಷರ ಬಿಡದೆ ಓದುತ್ತಿದ್ದರು. ‘ನಾನು ಹೇಳುವವರೆಗೆ ತಲೆ ಎತ್ತಬೇಡ’ ಎಂದರು. ನಾನು ನೆಲ ನೋಡುತ್ತ ನಿಂತೆ. ಮೂರೂವರೆ ದಾಟಿತ್ತು. ನನ್ನ ನೆರಳಿನಲ್ಲಿ ತಲೆಕೂದಲು ಒಂದೊಂದಾಗಿ ಕಾಣುವಷ್ಟು ಅಂಚು ಚೂಪಾಗಿತ್ತು. ಬಿಸಿಲಿಗೆ ಬಿಸಿಯೇ ಇರಲಿಲ್ಲ. ಬೇವಿನ ಮರಕ್ಕೆ ಗುಬ್ಬಿಗಳು ಗದ್ದಲ ಮಾಡುತ್ತ ಬಂದು ಕುಳಿತವು. ಆಮೇಲೆ ಪಡುವಲ ಕಡೆಯಿಂದ ಕತ್ತಲು ಓಡಿ ಬಂದಿತು. ಕವಿಯಿತು ಎನ್ನುವುದಿಲ್ಲ, ಓಡಿಯೇ ಬಂದಿತು. ‘ಈಗ ನೋಡು’ ಎಂದರು ಕಾಕಾ. ಸೂರ್ಯ ಇರಬೇಕಾದಲ್ಲಿ ಕಪ್ಪು ಬಿಲ್ಲೆ, ಸುತ್ತಲೂ ಬೆಳ್ಳಗಿನ ಜಡೆ ಬಿಚ್ಚಿದಂಥ ಪ್ರಭೆ, ನೆತ್ತಿಯ ಕಡೆ ಹಾಡಹಗಲೇ ಶುಕ್ರ. ಎರಡೂವರೆ ನಿಮಿಷದ ಆಸುಪಾಸು. ನನ್ನ ಇಡೀ ವೃತ್ತಿ ಆ ಎರಡೂವರೆ ನಿಮಿಷದ ಮೇಲೆ ನಿಂತಿದೆ. ಪೂರ್ತಿ ಮುಚ್ಚಿದ ಆ ಗಳಿಗೆ ಬಿಟ್ಟರೆ ಉಳಿದ ಹೊತ್ತಿನಲ್ಲಿ ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಮಕ್ಕಳು ಕೇಳುತ್ತಿದ್ದರೆ ಇದನ್ನು ಮರೆಯಬೇಡಿ.

ಒಳಗೆ ಬಂದರೆ ಒನಕೆ ನಿಂತೇ ಇತ್ತು. ಐದರ ಹೊತ್ತಿಗೆ ಗ್ರಹಣ ಪೂರ್ತಿ ಬಿಟ್ಟಿತು, ಗೋಡೆಯ ಮೇಲಿನ ಬೆಳಕು ಮತ್ತೆ ದುಂಡಗಾಯಿತು. ಒನಕೆ ಬೀಳಲಿಲ್ಲ. ಆರಾಯಿತು, ಬೀಳಲಿಲ್ಲ. ಒನಕೆ ಬೀಳದೆ ಸ್ನಾನವಿಲ್ಲ, ಸ್ನಾನವಿಲ್ಲದೆ ಒಲೆ ಹಚ್ಚುವಂತಿಲ್ಲ. ಮನೆಯ ಹದಿಮೂರು ಜನ ಹೊಟ್ಟೆ ಹಿಡಿದುಕೊಂಡು ಒನಕೆಯ ಮುಖ ನೋಡುತ್ತ ಕುಳಿತೆವು. ಕೊನೆಗೆ ಅಂಬೆಗಾಲಿಡುತ್ತಿದ್ದ ನನ್ನ ತಂಗಿ ಹೋಗಿ ಪರಾತದ ಅಂಚು ಹಿಡಿದು ಎದ್ದು ನಿಂತಳು. ಧಡಾರ್ ಎಂದಿತು. ಆಯಿ ಕೈ ಮುಗಿದು ‘ಬಿಟ್ಟಿತು ನೋಡು’ ಎಂದು ನೀರೊಲೆಗೆ ಬೆಂಕಿ ಹಾಕಲು ಎದ್ದಳು.

ನಿನ್ನೆ ಅಭ್ಯಾಸಕ್ಕೆಂದು ಇದನ್ನು ಓದುವಾಗ ಇಲ್ಲಿಗೆ ಬಂದೊಡನೆ ಬಾನುಲಿ ನಿಲಯದವರು ಗಾಜಿನ ಆಚೆಯಿಂದ ಗಡಿಯಾರ ತೋರಿಸಿದರು. ಕಥೆಯನ್ನು ಮೊಟಕು ಮಾಡಿ ಎಂದು ಅರ್ಥ. ಕಥೆಯನ್ನು ಮುಟ್ಟಲಿಲ್ಲ, ಮುಂದಿನ ಎರಡು ಪುಟಗಳನ್ನು ಕತ್ತರಿಸಿದೆ. ಆದ್ದರಿಂದ ಇನ್ನು ಬೇಗ ಬೇಗ.

ಅಂದು ಕತ್ತಲಾದದ್ದು ಯಾಕೆ? ಚಂದ್ರ ಆ ದಿನಗಳಲ್ಲಿ ನಮಗೆ ಹತ್ತಿರದ ತುದಿಯಲ್ಲಿದ್ದ. ಸೂರ್ಯನನ್ನು ಹಂಚು ಎಂದುಕೊಳ್ಳಿ, ಚಂದ್ರನನ್ನು ಅದರ ಮೇಲೆ ಹಾಕಿದ ರೊಟ್ಟಿ ಎಂದುಕೊಳ್ಳಿ. ಚಂದ್ರ ಹತ್ತಿರವಿದ್ದರೆ ರೊಟ್ಟಿ ದೊಡ್ಡದು, ಹಂಚು ಪೂರ್ತಿ ಮುಚ್ಚುತ್ತದೆ. ದೂರವಿದ್ದರೆ ರೊಟ್ಟಿ ಚಿಕ್ಕದು, ಸುತ್ತಲೂ ಹಂಚಿನ ಅಂಚು ಕಾಣುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನವರು ಕಂಡದ್ದು ಆ ಅಂಚನ್ನೇ, ಬೆಂಕಿಯ ಬಳೆಯನ್ನು. ಸೂರ್ಯ ಅದೇ, ಚಂದ್ರ ಅದೇ. ಬದಲಾದದ್ದು ದೂರ. ಪುಸ್ತಕದ ಸಂಖ್ಯೆ ಸರಾಸರಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ಇದು ತಿಂಗಳ ಲೆಕ್ಕ. ಇನ್ನೊಂದು ಲೆಕ್ಕವಿದೆ, ಅದು ಬಹಳ ನಿಧಾನ. ಆ ಸರಾಸರಿಯೇ ಬೆಳೆಯುತ್ತಿದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಎರಡು ಬೆರಳಗಲ. ನಮ್ಮ ಗೋಡೆಯ ಮೇಲಿನ ಬೆಳಕಿನಷ್ಟು. ಅಳೆದದ್ದು ಹೇಗೆ ಎಂದು ಕೇಳುವವರು ಇದ್ದೇ ಇರುತ್ತಾರೆ, ಕೇಳಬೇಕು ಕೂಡ. 1969ರಲ್ಲಿ ಚಂದ್ರನ ಮೇಲೆ ಇಳಿದವರು ಅಲ್ಲಿ ಕನ್ನಡಿಯಂಥ ಪ್ರತಿಫಲಕ ಇಟ್ಟು ಬಂದರು. ಇಲ್ಲಿಂದ ಲೇಸರ್ ಬಿಟ್ಟರೆ ಬೆಳಕು ಅಲ್ಲಿಗೆ ಹೋಗಿ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳುತ್ತದೆ. ಆ ಸಮಯವನ್ನು ಅತಿ ಸೂಕ್ಷ್ಮವಾಗಿ ಅಳೆದರೆ ದೂರ ಸಿಗುತ್ತದೆ. 2023ರ ಆಗಸ್ಟ್ 23ರಂದು ಇಳಿದ ನಮ್ಮ ವಿಕ್ರಮ್ ಲ್ಯಾಂಡರ್ ಮೇಲೂ ಅಂಥದೊಂದು ಪುಟ್ಟ ಪ್ರತಿಫಲಕವಿದೆ. ನಾನು ಹಿತ್ತಲಲ್ಲಿ ನಿಂತ ಆ ಶನಿವಾರದಿಂದ ಇಲ್ಲಿಯವರೆಗೆ ಚಂದ್ರ ಒಂದು ಆಳೆತ್ತರ ಸರಿದಿದ್ದಾನೆ.

ಯಾಕೆ ಸರಿಯುತ್ತಾನೆ? ಕಾರವಾರದ ಕಡಲಿನಲ್ಲಿ ಉಬ್ಬರ ನೋಡಿದ್ದೀರಲ್ಲ, ಅದು ಚಂದ್ರ ಎಳೆದ ನೀರು. ಭೂಮಿ ದಿನಕ್ಕೊಂದು ಸುತ್ತು ತಿರುಗುತ್ತದೆ, ಚಂದ್ರನಿಗೆ ಒಂದು ಸುತ್ತಿಗೆ 27 ದಿನ ಬೇಕು. ಅವಸರದ ಭೂಮಿ ಉಬ್ಬಿದ ನೀರನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ಮುಂದಿರುವ ಆ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ. ಎಳೆತ ಸಿಕ್ಕ ಚಂದ್ರ ಇನ್ನಷ್ಟು ದೊಡ್ಡ ಸುತ್ತಿಗೆ ಏರುತ್ತಾನೆ. ಲೋಕದಲ್ಲಿ ಸೋದರಮಾವ ಬಂದರೆ ಏನಾದರೂ ತರುತ್ತಾನೆ. ಈ ಚಂದಮಾಮ ನಮ್ಮ ಮನೆಯಿಂದಲೇ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಾನೆ. ಕೊಟ್ಟ ಭೂಮಿ ದಣಿಯುತ್ತದೆ, ಅದರ ತಿರುಗಾಟ ನಿಧಾನವಾಗುತ್ತದೆ. ಶತಮಾನಕ್ಕೆ ಹಗಲು ರಾತ್ರಿ ಸೇರಿದ ದಿನ ಸುಮಾರು ಎರಡು ಮಿಲಿಸೆಕೆಂಡ್ ಉದ್ದವಾಗುತ್ತದೆ. ಕಡಿಮೆ ಎನ್ನಬೇಡಿ. ಸುಮಾರು 38 ಕೋಟಿ ವರ್ಷ ಹಿಂದಿನ ಹವಳದ ಪಳೆಯುಳಿಕೆಗಳಲ್ಲಿ ದಿನದಿನದ ಬೆಳವಣಿಗೆಯ ಗೆರೆಗಳಿವೆ. ಎಣಿಸಿದರೆ ವರ್ಷಕ್ಕೆ 400ರ ಹತ್ತಿರ. ಅಂದಿನ ದಿನ 22 ಗಂಟೆಯದು. ಇನ್ನು 60 ಕೋಟಿ ವರ್ಷ ಕಳೆದರೆ ರೊಟ್ಟಿ ಯಾವಾಗಲೂ ಹಂಚಿಗಿಂತ ಚಿಕ್ಕದೇ. ಆಗ ಪೂರ್ಣ ಸೂರ್ಯಗ್ರಹಣವೆಂಬುದೇ ಇರುವುದಿಲ್ಲ, ಬರೀ ಬಳೆ.

ಸೂರ್ಯನ ಮಾತು ಎರಡು ನಿಮಿಷದಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ಯಾರಾದರೂ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ‘ಸರ್, ಈ ವರ್ಷ ಸೂರ್ಯ ಭಾಳ ಹತ್ತಿರ ಬಂದಂತಿದೆ’ ಎನ್ನುತ್ತಾರೆ. ಕಲಿತವರೇ ಎನ್ನುತ್ತಾರೆ. ಬಂದಿಲ್ಲ! ಸೂರ್ಯನಿಗೆ ನಾವು ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, 14.71 ಕೋಟಿ ಕಿಲೋಮೀಟರ್. ಧಾರವಾಡದಲ್ಲಿ ಬೆಳಗಿನ ಮಂಜಿಗೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವ ಹೊತ್ತು ಅದು. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, 15.21 ಕೋಟಿ. ಬೇಸಿಗೆಗೆ ಕಾರಣ ದೂರವಲ್ಲ, ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿರುವ ಭೂಮಿಯ ಅಕ್ಷ. ಮೇ ತಿಂಗಳ ಆರಂಭದಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ ನೋಡಿ. ನೆರಳು ಬುಡದಲ್ಲೇ ಮಾಯವಾಗಿರುತ್ತದೆ. ಬಿಸಿಲು ನೆತ್ತಿಯ ಮೇಲೆ ನೇರ ಬೀಳುತ್ತದೆ, ಅದಕ್ಕೇ ಸುಡುತ್ತದೆ.

ಸೂರ್ಯನಿಂದಲೂ ನಾವು ನಿಧಾನವಾಗಿ ಸರಿಯುತ್ತಿದ್ದೇವೆ. ಸೂರ್ಯ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ತನ್ನ ದ್ರವ್ಯವನ್ನು ಬೆಳಕಾಗಿಸಿ ಚೆಲ್ಲುತ್ತಾನೆ, ಅಷ್ಟರಮಟ್ಟಿಗೆ ಅವನ ಹಿಡಿತ ಸಡಿಲಾಗುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಒಂದು, ಒಂದೂವರೆ ಸೆಂಟಿಮೀಟರ್, ಒಂದು ಬೆರಳೂ ತುಂಬುವುದಿಲ್ಲ. ಜನವರಿ ಜುಲೈ ನಡುವಿನ 50 ಲಕ್ಷ ಕಿಲೋಮೀಟರ್‌ನ ಎದುರು ಅದು ಕಣದಲ್ಲಿ ಬಿದ್ದ ಒಂದು ಕಾಳು. ಹಾಗಾಗಿ 15 ಕೋಟಿಯೂ ಸರಾಸರಿಯೇ. ಇನ್ನೊಮ್ಮೆ ಹೇಳುವುದಿಲ್ಲ.

ಬರುವ 2027ರ ಆಗಸ್ಟ್ 2, ಸೋಮವಾರ, ನಾಗರ ಅಮಾವಾಸ್ಯೆ. ಅಂದು ಈಜಿಪ್ಟಿನಲ್ಲಿ ಪೂರ್ಣ ಸೂರ್ಯಗ್ರಹಣ, ನಮಗೆ ಸಂಜೆಯ ಹೊತ್ತಿಗೆ ಭಾಗಶಃ ಕಾಣುತ್ತದೆ. ಆಗಸ್ಟ್‌ನಲ್ಲಿ ಧಾರವಾಡದ ಆಕಾಶವನ್ನು ನಂಬುವಂತಿಲ್ಲ, ಆದರೂ ಒಂದು ತಗಡಿಗೆ ಮೊಳೆ ಹೊಡೆದು ಇಟ್ಟುಕೊಳ್ಳಿ. ಮೋಡ ಬಿಟ್ಟರೆ ಗೋಡೆಯ ಮೇಲೆ ಕಚ್ಚಿದ ರೊಟ್ಟಿ ಕಾಣುತ್ತದೆ. ಮನೆಯಲ್ಲಿ ಹಿರಿಯರು ಒನಕೆ ನಿಲ್ಲಿಸುತ್ತೇನೆ ಎಂದರೆ ಬೇಡ ಎನ್ನಬೇಡಿ. ಅಂಬೆಗಾಲಿಡುವ ಮಗು ಒಂದನ್ನು ಮಾತ್ರ ಹತ್ತಿರದಲ್ಲಿ ಬಿಟ್ಟಿರಿ.

ನಮಸ್ಕಾರ.